ಆಯ್ಲರ್ ಮಾಡದೆ ಬಿಟ್ಟ ಭಾಗಾಕಾರಗಳು

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಬಿಎಸ್ಸಿಯಲ್ಲಿ ಗಣಿತ ಓದಿದ್ದೆ. ಇವತ್ತು ಒಂದೇ ಒಂದು ಸಂಖ್ಯೆಯ ಬಗ್ಗೆ ಬರೆಯಬೇಕು ಅನ್ನಿಸಿದೆ: 2147483647. ನಮ್ಮ ರೀತಿಯಲ್ಲಿ ಓದಿದರೆ 214 ಕೋಟಿ 74 ಲಕ್ಷ 83 ಸಾವಿರದ 647. ಇದೊಂದು ಅವಿಭಾಜ್ಯ ಸಂಖ್ಯೆ. 1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದ ಭಾಗಿಸಿದರೂ ಏನಾದರೂ ಶೇಷ ಉಳಿಯುತ್ತದೆ. ಇಷ್ಟು ದೊಡ್ಡ ಸಂಖ್ಯೆ ಅವಿಭಾಜ್ಯ ಅನ್ನೋದು ಸಂತೋಷವೇ. ಆದರೆ ಅದನ್ನು ಖಚಿತ ಮಾಡಿಕೊಳ್ಳೋಕೆ ಎಷ್ಟು ಕಡಿಮೆ ಭಾಗಾಕಾರ ಸಾಕಾಯಿತು ಅನ್ನೋದು ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ.

ಈ ಸಂಖ್ಯೆ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಭತ್ತದ ಖರೀದಿ ಲೆಕ್ಕದಲ್ಲಿ. ಸುಗ್ಗಿಯ ಸಮಯ. ಕಾಟಾದ ಮುಂದೆ ಲಾರಿಗಳ ಸಾಲು, ಹಮಾಲರಿಗೆ ಕೂರೋಕೂ ಪುರುಸೊತ್ತಿಲ್ಲ. ಆಗ ಮಿಲ್ಲಿನಲ್ಲಿ ಒಂದು ಹಳೆಯ ಸಾಫ್ಟ್‌ವೇರ್ ಇತ್ತು. ಯಾರೋ ಗುರುತಿನವರು ಬರೆದುಕೊಟ್ಟಿದ್ದು. ರೈತರಿಗೆ ಕೊಡಬೇಕಾದ ದುಡ್ಡನ್ನೆಲ್ಲ ಅದು ಒಳಗೊಳಗೇ ಪೈಸೆಯಲ್ಲಿ ಕೂಡಿಸುತ್ತಿತ್ತು. ಒಂದು ಸಂಜೆ ಹೊಸ ಬಿಲ್ ಹಾಕಿದ ಕೂಡಲೇ ಒಟ್ಟು ಮೊತ್ತ ಮೈನಸ್ ಎರಡು ಕೋಟಿ ಚಿಲ್ಲರೆ ಅಂತ ತೋರಿಸಿತು. ಸಾವ್ಕಾರ್ರು ಹಿಂದೆಯೇ ನಿಂತಿದ್ದರು. "ಏನವ್ವಾ ಇದು, ಖರೀದಿ ಲೆಕ್ಕ ಮೈನಸ್ ಹೆಂಗ ಬಂತು?" ಅಂದರು.

ಬಿಲ್ಲುಗಳನ್ನು ಕೈಯಲ್ಲೇ ಕೂಡಿಸಿ ನೋಡಿದೆ. ಮೊತ್ತ 2 ಕೋಟಿ 14 ಲಕ್ಷ 74 ಸಾವಿರದ 836 ರೂಪಾಯಿ 47 ಪೈಸೆ ದಾಟಿದ್ದೇ ತಡ, ಲೆಕ್ಕ ತಿರುಗಿಬಿದ್ದಿತ್ತು. ಪೈಸೆಯಲ್ಲಿ ಬರೆದರೆ 2147483647. ನಮ್ಮ ಕಡೆ ಭತ್ತ ಅಂದರೆ 75 ಕೆಜಿ ಚೀಲದ ಲೆಕ್ಕ. ಚೀಲಕ್ಕೆ ಎರಡು ಸಾವಿರ ರೂಪಾಯಿ ಅಂತ ಹಿಡಿದರೂ ಹತ್ತು ಸಾವಿರದ ಏಳುನೂರು ಚೀಲಕ್ಕೆ ಈ ಮಿತಿಯ ಹತ್ತಿರ ಬಂದುಬಿಡುತ್ತೇವೆ. ಎಡದಂಡೆ ಕಾಲುವೆಗೆ ಸರಿಯಾಗಿ ನೀರು ಬಂದ ವರ್ಷ ಅಷ್ಟು ಚೀಲ ಏನೇನೂ ಅಲ್ಲ.

ಕಾರಣ ಸರಳ. ಆ ಸಾಫ್ಟ್‌ವೇರ್ ಒಂದು ಮೊತ್ತಕ್ಕೆ 32 ಬಿಟ್ ಜಾಗ ಇಟ್ಟಿತ್ತು. ಬಿಟ್ ಅಂದರೆ 0 ಅಥವಾ 1 ಕೂರುವ ಒಂದು ಮನೆ. ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ಅನ್ನೋದಕ್ಕೆ. ಉಳಿದಿದ್ದು 31. ಆ ಮೂವತ್ತೊಂದರಲ್ಲೂ 1 ತುಂಬಿದರೆ 1 + 2 + 4 + 8 ಅಂತ ಕೂಡುತ್ತಾ ಹೋಗಿ ಬರುವ ಒಟ್ಟು 2³¹ − 1, ಅಂದರೆ 2147483647. ಇನ್ನೊಂದು ಸೇರಿಸಿದರೆ ಅದು ಮೈನಸ್ ಜಾಗಕ್ಕೆ ಹಾರುತ್ತದೆ. 2014ರ ಡಿಸೆಂಬರಿನಲ್ಲಿ ಕೊರಿಯಾದ ಒಂದು ಹಾಡಿನ ವೀಕ್ಷಣೆ ಈ ಮಿತಿ ಮುಟ್ಟಿದಾಗ ಯೂಟ್ಯೂಬ್ ತನ್ನ ಎಣಿಕೆಯನ್ನು 64 ಬಿಟ್‌ಗೆ ಬದಲಾಯಿಸಬೇಕಾಯಿತು. 1970ರ ಜನವರಿ 1ರಿಂದ ಸೆಕೆಂಡುಗಳನ್ನು 32 ಬಿಟ್‌ನಲ್ಲಿ ಎಣಿಸುತ್ತಿರುವ ಹಳೆಯ ಯಂತ್ರಗಳು 2038ರ ಜನವರಿ 19ರ ಮಂಗಳವಾರ, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಇದೇ ಸಂಖ್ಯೆಗೆ ಬಂದು ನಿಲ್ಲುತ್ತವೆ. ನಮ್ಮ ಮಿಲ್ಲಿನ ಸಾಫ್ಟ್‌ವೇರನ್ನೂ ಸರಿ ಮಾಡಿಕೊಟ್ಟರು. ಆ ಕಥೆ ಅಲ್ಲಿಗೆ ಮುಗಿಯಿತು.

ಸಂಖ್ಯೆ ಮಾತ್ರ ತಲೆಯಲ್ಲಿ ಉಳಿಯಿತು.

ಕಂಪ್ಯೂಟರಿನ ಮಿತಿ ಆಗಿರುವುದಕ್ಕೂ ಅವಿಭಾಜ್ಯ ಆಗಿರುವುದಕ್ಕೂ ಸಂಬಂಧ ಇಲ್ಲ. 16 ಬಿಟ್ ಮಿತಿ 32767. ಅದು 7 × 31 × 151. 64 ಬಿಟ್ ಮಿತಿಯೂ ಅವಿಭಾಜ್ಯ ಅಲ್ಲ, ಅದನ್ನು 7ರಿಂದ ಎರಡು ಸಲ ಭಾಗಿಸಬಹುದು. 8 ಬಿಟ್‌ನ 127 ಅವಿಭಾಜ್ಯ, 32 ಬಿಟ್‌ನ 2147483647 ಅವಿಭಾಜ್ಯ. ಒಂದು ನಿಯಮ ಮಾತ್ರ ಖಂಡಿತ: 2ರ ಘಾತದಿಂದ ಒಂದು ಕಳೆದು ಬಂದ ಸಂಖ್ಯೆ ಅವಿಭಾಜ್ಯ ಆಗಬೇಕಾದರೆ ಆ ಘಾತದ ಸಂಖ್ಯೆಯೇ (2³¹ರಲ್ಲಿ 31) ಅವಿಭಾಜ್ಯ ಆಗಿರಬೇಕು. 16 ಬಿಟ್ ಮಿತಿ 2¹⁵ − 1, 64 ಬಿಟ್ ಮಿತಿ 2⁶³ − 1; 15 ಮತ್ತು 63 ಅವಿಭಾಜ್ಯ ಅಲ್ಲ, ಆದ್ದರಿಂದ ಅಲ್ಲಿ ಆಸೆ ಇಟ್ಟುಕೊಳ್ಳುವಂತೆಯೇ ಇಲ್ಲ. 31 ಅವಿಭಾಜ್ಯ, ಆಸೆ ಇದೆ. ಆದರೆ ಆಸೆ ಇದೆ ಅಂದ ಮಾತ್ರಕ್ಕೆ ಕೆಲಸ ಆಗಲ್ಲ. 11 ಕೂಡ ಅವಿಭಾಜ್ಯ. 2¹¹ − 1 ಅಂದರೆ 2047 ಮಾತ್ರ 23 × 89.

ಇಂಥ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳು ಅಂತ ಹೆಸರು. ಮರಿನ್ ಮರ್ಸೆನ್ ಫ್ರಾನ್ಸಿನ ಒಬ್ಬ ಸನ್ಯಾಸಿ. ಯಾವ ಯಾವ ಘಾತಕ್ಕೆ ಅವಿಭಾಜ್ಯ ಸಿಗುತ್ತದೆ ಅಂತ 1644ರಲ್ಲಿ ಒಂದು ಪಟ್ಟಿ ಕೊಟ್ಟರು: 2, 3, 5, 7, 13, 17, 19, 31, 67, 127, 257. ಇದರಲ್ಲಿ 67 ಮತ್ತು 257 ತಪ್ಪು. 61, 89, 107 ಬಿಟ್ಟುಹೋಗಿವೆ. ಅವರಿಗಿಂತ ಮೊದಲು ಇಟಲಿಯ ಕತಾಲ್ದಿ 17 ಮತ್ತು 19ನ್ನು ನೇರವಾಗಿ ಭಾಗಿಸಿ ನೋಡಿಯೇ ಸಾಬೀತು ಮಾಡಿದ್ದರು. ಅದೂ ಸಣ್ಣ ಕೆಲಸ ಅಲ್ಲ, 2¹⁹ − 1 ಅಂದರೆ 524287. ಅವರು 23, 29, 31, 37ಕ್ಕೂ ಅವಿಭಾಜ್ಯ ಬರುತ್ತದೆ ಅಂತ ಹೇಳಿದ್ದರು. ನಾಲ್ಕರಲ್ಲಿ 31 ಒಂದೇ ಸರಿ. ಈ ನಾಲ್ಕು ಸಂಖ್ಯೆಗಳ ಹತ್ತಿರ ಮತ್ತೆ ಬರುತ್ತೇನೆ, ಅಲ್ಲೊಂದು ಚಂದದ ವಿಷಯ ಇದೆ.

ನನ್ನ ಅಣ್ಣನ ಮಗಳು ಪಿಯುಸಿ ಸೈನ್ಸ್ ಓದುತ್ತಾಳೆ. ಅವಳಿಗೆ ಈ ಸಂಖ್ಯೆ ತೋರಿಸಿದಾಗ ಅವಳು ಕೇಳಿದ್ದು ಸರಿಯಾದ ಪ್ರಶ್ನೆ. "ಅತ್ತೀ, ಎಲ್ಲಾದರಿಂದನೂ ಭಾಗ್ಸಿ ನೋಡದ ಅವಿಭಾಜ್ಯ ಅಂತ ಹೆಂಗ ಹೇಳ್ತಾರ?"

ಶಾಲೆಯಲ್ಲಿ ಕಲಿತ ದಾರಿ ಎಲ್ಲರಿಗೂ ಗೊತ್ತು. ಸಂಖ್ಯೆಯ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಅದಕ್ಕಿಂತ ದೊಡ್ಡ ಅಪವರ್ತನ ಇದ್ದರೆ ಅದರ ಜೊತೆಗಾರ ಚಿಕ್ಕದಾಗಿರಲೇಬೇಕು. ನಮ್ಮ ಸಂಖ್ಯೆಯ ವರ್ಗಮೂಲ 46340ಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲಿಯವರೆಗೆ ನಾಲ್ಕು ಸಾವಿರದ ಏಳುನೂರಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ಹತ್ತು ಅಂಕೆಯ ಸಂಖ್ಯೆಯನ್ನು ಅಷ್ಟು ಸಲ ಕೈಯಲ್ಲಿ ಭಾಗಿಸಬೇಕು. ಎಲ್ಲೋ ಒಂದು ಕಡೆ ಕೈ ತಪ್ಪಿದರೂ ಮಾಡಿದ್ದೆಲ್ಲ ವ್ಯರ್ಥ.

ಹದಿನೆಂಟನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಇದನ್ನು ಹಾಗೆ ಮಾಡಲಿಲ್ಲ. ಇನ್ನೊಬ್ಬ ಗಣಿತಜ್ಞ ಬರ್ನೂಲಿಗೆ ಅವರು ಬರೆದ ಪತ್ರವೊಂದು ಬರ್ಲಿನ್ ಅಕಾಡೆಮಿಯ 1772ರ ಸಂಪುಟದಲ್ಲಿ ಪ್ರಕಟವಾಯಿತು. 2³¹ − 1 ಅವಿಭಾಜ್ಯ ಅಂತ ಹೇಳಿದ್ದು ಅದರಲ್ಲಿ. ಆಗ ಅವರು ಅರವತ್ತು ದಾಟಿದ್ದರು, ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದರು. ಒಂದು ಕಣ್ಣು ಎಂದೋ ಹೋಗಿತ್ತು, ಇನ್ನೊಂದಕ್ಕೂ ಪೊರೆ ಬಂದು ದೃಷ್ಟಿ ಹೆಚ್ಚೂಕಡಿಮೆ ಮುಗಿದಿತ್ತು. ಅಂಥವರು ಸಾವಿರಾರು ಭಾಗಾಕಾರಗಳನ್ನು ಹೇಗೆ ದಾಟಿದರು ಅನ್ನೋದನ್ನು ತಿಳಿಯೋಕೆ ನಾವಿಬ್ಬರೂ ಕೂತೆವು.

ಮಿಲ್ಲಿನಲ್ಲಿ ಅಕ್ಕಿಯೊಳಗಿನ ಕಲ್ಲು ತೆಗೆಯೋಕೆ ಯಾರೂ ಒಂದೊಂದೇ ಕಾಳು ಎತ್ತಿ ನೋಡುವುದಿಲ್ಲ. ಕಲ್ಲು ಅಕ್ಕಿಗಿಂತ ಭಾರ ಅನ್ನೋ ಒಂದು ಗುಣ ಗೊತ್ತಿದ್ದರೆ ಸಾಕು, ಡಿಸ್ಟೋನರ್ ಅದನ್ನು ಬೇರೆ ಮಾಡುತ್ತದೆ. ಆಯ್ಲರ್ ಮಾಡಿದ್ದೂ ಅದನ್ನೇ. ಈ ಸಂಖ್ಯೆಗೆ ಒಂದು ಅಪವರ್ತನ ಇದ್ದಿದ್ದರೆ ಅದಕ್ಕೆ ಯಾವ ಗುಣ ಇರಲೇಬೇಕಿತ್ತು ಅಂತ ಕೇಳಿದರು.

ಮೊದಲ ಗುಣ ಹದಿನೇಳನೇ ಶತಮಾನದ ಫ್ರಾನ್ಸಿನ ಗಣಿತಜ್ಞ ಫರ್ಮಾ ಅವರ ಕಾಲದಿಂದಲೇ ಗೊತ್ತಿದ್ದದ್ದು. ಅದನ್ನು 2047ರ ಮೇಲೆ ತೋರಿಸುತ್ತೇನೆ, ಸಣ್ಣ ಸಂಖ್ಯೆಯಲ್ಲಿ ಕಣ್ಣಿಗೆ ಕಾಣುತ್ತದೆ. 1ರಿಂದ ಶುರು ಮಾಡಿ ದುಪ್ಪಟ್ಟು ಮಾಡುತ್ತಾ ಹೋಗಿ. 23 ದಾಟಿದರೆ 23 ಕಳೆಯಿರಿ. 1, 2, 4, 8, 16, 9, 18, 13, 3, 6, 12, ಮತ್ತೆ 1. ಸರಿಯಾಗಿ ಹನ್ನೊಂದು ಹೆಜ್ಜೆಗೆ ವಾಪಸ್. ಯಾಕೆ ಅಂದರೆ 23 ಅನ್ನೋದು 2¹¹ − 1ನ್ನು ಭಾಗಿಸುತ್ತದೆ, ಅಂದರೆ 2¹¹ನ್ನು 23ರಿಂದ ಭಾಗಿಸಿದರೆ ಶೇಷ 1. ಈಗ ಫರ್ಮಾ ಹೇಳಿದ್ದು ಇಷ್ಟು: ಯಾವುದೇ ಬೆಸ ಅವಿಭಾಜ್ಯ ತಗೊಳ್ಳಿ, ಅದಕ್ಕಿಂತ ಒಂದು ಕಡಿಮೆ ಹೆಜ್ಜೆ ಇಟ್ಟರೆ ಈ ದುಪ್ಪಟ್ಟಿನ ಆಟ 1ಕ್ಕೆ ಬಂದೇ ಬರುತ್ತದೆ. 23ಕ್ಕೆ 22 ಹೆಜ್ಜೆ. ಹನ್ನೊಂದು ಹೆಜ್ಜೆಗೆ ಒಂದು ಸುತ್ತು, 22 ಹೆಜ್ಜೆಗೆ ಎರಡು ಸುತ್ತು. ಲೆಕ್ಕ ಕೂತಿತು. 89ಕ್ಕೂ ಹಾಗೆಯೇ, 88 ಅನ್ನೋದು ಹನ್ನೊಂದರ ಎಂಟು ಸುತ್ತು.

ಇದನ್ನೇ 31ಕ್ಕೆ ತನ್ನಿ. ನಮ್ಮ ಸಂಖ್ಯೆಗೆ ಒಂದು ಅವಿಭಾಜ್ಯ ಅಪವರ್ತನ ಇದ್ದರೆ, ಅದರ ಜೊತೆ ದುಪ್ಪಟ್ಟಿನ ಆಟ ಆಡಿದಾಗ 31 ಹೆಜ್ಜೆಗೆ ವಾಪಸ್ ಬರಬೇಕು. 31 ಅವಿಭಾಜ್ಯ ಆಗಿರೋದರಿಂದ ಅದಕ್ಕಿಂತ ಬೇಗ ಬರೋಕೆ ಸಾಧ್ಯ ಇಲ್ಲ. ಹಾಗಾದರೆ ಆ ಅಪವರ್ತನದಿಂದ ಒಂದು ಕಳೆದರೆ ಬರುವುದು 31ರ ಪೂರ್ತಿ ಸುತ್ತುಗಳು. ಅಪವರ್ತನ ಬೆಸ, ಒಂದು ಕಳೆದರೆ ಸಮ. ಆದ್ದರಿಂದ ಅದು 62ರ ಗುಣಕ. ಅಂದರೆ ಅಪವರ್ತನ ಅಂತ ಇದ್ದರೆ 62ರ ಮಗ್ಗಿಗೆ ಒಂದು ಕೂಡಿಸಿದ ಸಂಖ್ಯೆಗಳಲ್ಲೇ ಇರಬೇಕು: 63, 125, 187, 249, 311... 3, 5, 7, 11, 13 ಇವನ್ನೆಲ್ಲ ಮುಟ್ಟುವುದೇ ಬೇಡ. 300ರ ಕೆಳಗಿನ ಯಾವ ಅವಿಭಾಜ್ಯವೂ ಬೇಡ. ಇದು ಅರ್ಥವಾದ ಗಳಿಗೆಯಲ್ಲಿ ಹುಡುಗಿ ಪೆನ್ನು ಕೆಳಗಿಟ್ಟು ಸುಮ್ನೆ ಕೂತಳು. ನನಗೂ ಹಾಗೇ ಆಗಿತ್ತು.

ಎರಡನೇ ಗುಣ ಇನ್ನೂ ಸೊಗಸು. 2³¹ರ ಶೇಷ 1 ಆದರೆ 2³²ರ ಶೇಷ 2. ಆದರೆ 2³² ಅನ್ನೋದು ಒಂದು ವರ್ಗ, 65536ರ ವರ್ಗ. ಅಂದರೆ ಆ ಅಪವರ್ತನದಿಂದ ಭಾಗಿಸಿದಾಗ ಶೇಷ 2 ಬರುವಂಥ ಒಂದು ವರ್ಗಸಂಖ್ಯೆ ಇದೆ. ಎಲ್ಲ ಅವಿಭಾಜ್ಯಗಳಿಗೂ ಇದು ಆಗಲ್ಲ. 7ಕ್ಕೆ ಆಗುತ್ತದೆ, 9ನ್ನು 7ರಿಂದ ಭಾಗಿಸಿದರೆ ಶೇಷ 2. 17ಕ್ಕೆ 36, 23ಕ್ಕೆ 25. ಆದರೆ 3, 5, 11, 13ಕ್ಕೆ ಎಷ್ಟು ಹುಡುಕಿದರೂ ಸಿಗಲ್ಲ. ನಿಯಮ ಏನು ಅಂದರೆ, 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯುವ ಅವಿಭಾಜ್ಯಗಳಿಗೆ ಮಾತ್ರ ಇದು ಸಾಧ್ಯ. 125ಕ್ಕೆ 5 ಉಳಿಯುತ್ತದೆ, 187ಕ್ಕೆ 3. ಎರಡೂ ಹೊರಗೆ. ಉಳಿಯುವುದು 63, 249, 311, 497, 559, 745, 807, ಹೀಗೆ. ಒಮ್ಮೆ 186, ಒಮ್ಮೆ 62 ಕೂಡಿಸುತ್ತಾ ಹೋದರೆ ಪಟ್ಟಿ ತಾನಾಗೇ ಬರುತ್ತದೆ. ಆಯ್ಲರ್ ಇದನ್ನು 248ರ ಗುಣಕಕ್ಕೆ 1 ಅಥವಾ 63 ಕೂಡಿಸಿದ ರೂಪ ಅಂತ ಬರೆದರು. ಎರಡೂ ಒಂದೇ.

46340ರವರೆಗೆ ಇಂಥವು ಎಷ್ಟು? 63ನ್ನು ಬಿಟ್ಟರೆ 372. ಅದರಲ್ಲೂ ಅವಿಭಾಜ್ಯ ಅಲ್ಲದವು ಬಿದ್ದುಹೋಗುತ್ತವೆ. 249ಕ್ಕೆ 3 ಇದೆ, 497ಕ್ಕೆ 7, 559ಕ್ಕೆ 13, 745ಕ್ಕೆ 5, 1241 ಅಂದರೆ 17 × 73. ಕೊನೆಗೆ ನಿಜವಾಗಿ ಭಾಗಿಸಬೇಕಾದವು ಎಂಬತ್ತರ ಆಸುಪಾಸು ಮಾತ್ರ. ನಾಲ್ಕು ಸಾವಿರದ ಏಳುನೂರಕ್ಕೂ ಹೆಚ್ಚು ಭಾಗಾಕಾರ ಎಂಬತ್ತರ ಆಸುಪಾಸಿಗೆ ಇಳಿಯಿತು! ಬಿಟ್ಟ ಒಂದೊಂದು ಭಾಗಾಕಾರಕ್ಕೂ ಕಾರಣ ಇದೆ, ಯಾವುದನ್ನೂ ಅಂದಾಜಿನ ಮೇಲೆ ಬಿಟ್ಟಿಲ್ಲ. ಈ ಸಂಖ್ಯೆಯ ಬಗ್ಗೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಇಳಿಕೆಯೇ.

ಎಂಬತ್ತು ಭಾಗಾಕಾರ ಅಂದರೆ ರಜೆಯಲ್ಲಿ ಮಾಡಬಹುದಾದ ಕೆಲಸ. ಹುಡುಗಿ ಮಾಡಿದಳು. ಹಳೆಯ ಬಿಲ್ಲುಗಳ ಹಿಂಬದಿಯಲ್ಲಿ, ಕ್ಯಾಲ್ಕುಲೇಟರ್ ಇಲ್ಲದೆ. ಮೊದಲು 311: ಭಾಗಲಬ್ಧ 6905092, ಶೇಷ 35. ಆಮೇಲೆ 1303: ಭಾಗಲಬ್ಧ 1648107, ಶೇಷ 226. ಆಮೇಲೆ 1489: ಭಾಗಲಬ್ಧ 1442232, ಶೇಷ 199. ಹೀಗೆ ಮುಂದುವರಿಯಿತು. ಕೈ ತಪ್ಪಿದೆಯಾ ಅಂತ ನೋಡೋಕೆ ನಾನು ಅವಳಿಗೆ ಒಂಬತ್ತನ್ನು ಬಿಡುವ ಲೆಕ್ಕ ಹೇಳಿಕೊಟ್ಟೆ. ಅಂಕೆಗಳನ್ನು ಕೂಡಿಸಿ ಒಂದೇ ಅಂಕೆಗೆ ಇಳಿಸುವುದು. 311 ಅಂದರೆ 5. 6905092 ಅಂದರೆ 4. ಗುಣಿಸಿದರೆ 20, ಅಂದರೆ 2. ಶೇಷ 35 ಅಂದರೆ 8. ಕೂಡಿದರೆ 10, ಅಂದರೆ 1. ಈ ಕಡೆ 2147483647ರ ಅಂಕೆಗಳನ್ನು ಕೂಡಿದರೆ 46, ಅಂದರೆ 10, ಅಂದರೆ 1. ತಾಳೆಯಾಯಿತು. ಪಟ್ಟಿಯ ಕೊನೆಯವರೆಗೂ ಯಾವ ಸಾಲಿನಲ್ಲೂ ಶೇಷ ಸೊನ್ನೆ ಬರಲಿಲ್ಲ. ಸೊನ್ನೆ ಬರಲ್ಲ ಅಂತ ಇಬ್ಬರಿಗೂ ಮೊದಲೇ ಗೊತ್ತಿತ್ತು. ಆದರೂ ಒಂದೊಂದು ಸಾಲಿಗೂ ಎದೆ ಹೊಡೆದುಕೊಳ್ಳುತ್ತಿತ್ತು ಅಂದಳು. ಅದು ನಿಜವಾದ ಗಣಿತದ ಖುಷಿ ಅಂತ ನಾನು ನಂಬುತ್ತೇನೆ.

ಈಗ ಕತಾಲ್ದಿಯ ನಾಲ್ಕು ಸಂಖ್ಯೆಗಳಿಗೆ ಬರೋಣ. ಇದೇ ಎರಡು ಗುಣಗಳನ್ನು ಅವಕ್ಕೂ ಹಚ್ಚಿ. 23ಕ್ಕೆ 46ರ ಮಗ್ಗಿ ಮತ್ತು ಒಂದು. ಮೊದಲನೆಯದೇ 47, ಅದು ಅವಿಭಾಜ್ಯ, 8ರಿಂದ ಭಾಗಿಸಿದರೆ 7 ಉಳಿಯುತ್ತದೆ. 2²³ − 1 ಅಂದರೆ 8388607. ಭಾಗಿಸಿ: 47 × 178481. ಹೋಯಿತು. 29ಕ್ಕೆ 58ರ ಮಗ್ಗಿ. 59 ಮತ್ತು 117 ಎಂಟರ ಪರೀಕ್ಷೆಯಲ್ಲಿ ಬೀಳುತ್ತವೆ, 175 ಅವಿಭಾಜ್ಯ ಅಲ್ಲ, ಮುಂದಿನದು 233. 536870911ನ್ನು 233ರಿಂದ ಭಾಗಿಸಿ, ಶೇಷ ಸೊನ್ನೆ. 37ಕ್ಕೆ 74ರ ಮಗ್ಗಿ. 75 ಮತ್ತು 149 ಬೀಳುತ್ತವೆ, ಮುಂದಿನದು 223. 137438953471 ಅಂದರೆ 223 × 616318177. ನೋಡಿದಿರಾ? ಮೂರರಲ್ಲೂ ಎರಡು ಪರೀಕ್ಷೆ ದಾಟಿದ ಮೊಟ್ಟಮೊದಲ ಅವಿಭಾಜ್ಯವೇ ಅಪವರ್ತನ! 2047ಕ್ಕೂ ಹಾಗೇ, 22ರ ಮಗ್ಗಿಯ ಮೊದಲನೆಯದು 23. ಎಲ್ಲ ಕಡೆ ಹೀಗೇ ಆಗಲ್ಲ, 41ರ ಹತ್ತಿರ ಹೋದರೆ 13367ರವರೆಗೆ ಕಾಯಬೇಕು. 23 ಮತ್ತು 37ನ್ನು ಫರ್ಮಾ 1640ರಲ್ಲಿ ಮುರಿದರು, 29ನ್ನು ಆಯ್ಲರ್ 1738ರಲ್ಲಿ. 31 ಮಾತ್ರ ಮೊದಲ ಅವಿಭಾಜ್ಯಕ್ಕೂ ಬಗ್ಗಲಿಲ್ಲ, ಕೊನೆಯದಕ್ಕೂ ಬಗ್ಗಲಿಲ್ಲ.

ಸಾಬೀತಾದ ಮೇಲೆ ಈ ಸಂಖ್ಯೆ ಹತ್ತೊಂಬತ್ತನೇ ಶತಮಾನದ ಮಧ್ಯದವರೆಗೂ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಆಗಿತ್ತು. ಅದರಿಂದ ಒಂದು ಪರಿಪೂರ್ಣ ಸಂಖ್ಯೆಯೂ ಹುಟ್ಟಿತು. 6 ಅಂದರೆ 1 + 2 + 3, 28 ಅಂದರೆ 1 + 2 + 4 + 7 + 14. ತನ್ನನ್ನು ಬಿಟ್ಟು ಉಳಿದ ಅಪವರ್ತನಗಳನ್ನು ಕೂಡಿದರೆ ತಾನೇ ಸಿಗುವ ಸಂಖ್ಯೆ. ಮರ್ಸೆನ್ ಅವಿಭಾಜ್ಯ ಸಿಕ್ಕಲ್ಲೆಲ್ಲ ಇಂಥದ್ದೊಂದು ಸಿಗುತ್ತದೆ ಅಂತ ಯೂಕ್ಲಿಡ್ ತೋರಿಸಿದ್ದರು. ಸಮಸಂಖ್ಯೆಗಳಲ್ಲಿ ಬೇರೆ ದಾರಿಯೇ ಇಲ್ಲ ಅಂತ ತೋರಿಸಿದ್ದು ಮತ್ತೆ ಆಯ್ಲರ್. ನಮ್ಮ ಸಂಖ್ಯೆಯನ್ನು 2³⁰ರಿಂದ ಗುಣಿಸಿದರೆ 2305843008139952128. ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ ಇದರ ಬಗ್ಗೆ ಬರೆಯುತ್ತಾ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಮುಂದೆ ಸಿಗಲಾರದು, ಇವು ಬರೀ ಕುತೂಹಲದವು, ಉಪಯೋಗ ಇಲ್ಲದವು, ಯಾರೂ ಮುಂದೆ ಹುಡುಕುವ ಕಷ್ಟ ತಗೊಳ್ಳಲ್ಲ ಅಂದರು. ಆ ಮಾತನ್ನು ನಾನು ಒಪ್ಪುವುದಿಲ್ಲ. ಮನುಷ್ಯರು ಉಪಯೋಗ ಇದ್ದರೆ ಮಾತ್ರ ಕಷ್ಟ ಪಡುತ್ತಾರೆ ಅನ್ನೋದು ನಾನು ಕಂಡ ಸತ್ಯ ಅಲ್ಲ. 1876ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲ್ಯೂಕಾ 39 ಅಂಕೆಯ 2¹²⁷ − 1 ಅವಿಭಾಜ್ಯ ಅಂತ ಕೈಯಲ್ಲೇ ತೋರಿಸಿದರು. 1883ರಲ್ಲಿ ರಷ್ಯಾದ ಪೆರ್ವುಶಿನ್ 2⁶¹ − 1.

ಲ್ಯೂಕಾ ಅವರ ದಾರಿಯಲ್ಲಿ ಅಪವರ್ತನ ಹುಡುಕುವ ಕೆಲಸವೇ ಇಲ್ಲ. 1930ರಲ್ಲಿ ಲೆಹ್ಮರ್ ಅದನ್ನು ಇನ್ನಷ್ಟು ಸರಳ ಮಾಡಿದರು. 4ರಿಂದ ಶುರು ಮಾಡಿ, ವರ್ಗ ಮಾಡಿ, 2 ಕಳೆದು, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಇದನ್ನೇ ಮತ್ತೆ ಮತ್ತೆ ಮಾಡಿ. 2⁵ − 1 ಅಂದರೆ 31ಕ್ಕೆ ನೋಡಿ: 4, 14, 194ರ ಶೇಷ 8, ಆಮೇಲೆ 62ರ ಶೇಷ 0. ಘಾತಕ್ಕಿಂತ ಎರಡು ಕಡಿಮೆ ಹೆಜ್ಜೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. 2147483647ಕ್ಕೆ 29 ಹೆಜ್ಜೆ ಸಾಕು. ಎಂಬತ್ತೂ ಬೇಡ! 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದ 2ರ ಘಾತ 136279841ರಿಂದ ಒಂದು ಕಡಿಮೆ, 4 ಕೋಟಿ 10 ಲಕ್ಷ ಅಂಕೆಗಳಿಗೂ ಮಿಗಿಲಾದ ಸಂಖ್ಯೆ, ಅದನ್ನೂ ಕೊನೆಗೆ ಈ ಪರೀಕ್ಷೆಯಿಂದಲೇ ಖಚಿತ ಮಾಡಿಕೊಂಡರು.

ಒಂಬತ್ತನ್ನು ಬಿಡುವ ಲೆಕ್ಕ ಹೇಳಿದೆನಲ್ಲ, ಅದು ಇಲ್ಲಿಗೂ ಬರುತ್ತದೆ. 9 ಅಂದರೆ 10ಕ್ಕೆ ಒಂದು ಕಡಿಮೆ. ಅದಕ್ಕೇ ಅಂಕೆಗಳನ್ನು ಕೂಡಿದರೆ ಸಾಕು, ಭಾಗಿಸುವುದು ಬೇಡ. 2147483647 ಅಂದರೆ 2³¹ಕ್ಕೆ ಒಂದು ಕಡಿಮೆ. ಅದಕ್ಕೇ ಕಂಪ್ಯೂಟರ್ ದೊಡ್ಡ ಸಂಖ್ಯೆಯನ್ನು 31 ಬಿಟ್‌ನ ತುಂಡುಗಳಾಗಿ ಕತ್ತರಿಸಿ ಕೂಡಿದರೆ ಶೇಷ ಸಿಗುತ್ತದೆ. ನಮ್ಮ ಹಿರಿಯ ಗುಮಾಸ್ತರು ಲೆಡ್ಜರಿನ ಮೂಲೆಯಲ್ಲಿ ಮಾಡುತ್ತಿದ್ದ ತಾಳೆಯೇ ಇದು.

ಈ ಅನುಕೂಲದಿಂದ ಈ ಸಂಖ್ಯೆಗೆ ಇನ್ನೊಂದು ಕೆಲಸ ಸಿಕ್ಕಿದೆ. ಲಾಟರಿಯಂತೆ ಕಾಣುವ ಸಂಖ್ಯೆಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸೋದು. 1ರಿಂದ ಶುರು ಮಾಡಿ 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ ಶೇಷ ತಗೊಳ್ಳಿ: 16807, 282475249, 1622650073, ಹೀಗೆ. ಇದನ್ನು ಎಲ್ಲರೂ ಕನಿಷ್ಠ ಮಟ್ಟವಾಗಿ ಬಳಸಲಿ ಅಂತ 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಸಲಹೆ ಕೊಟ್ಟರು. ಈ ಸಾಲು 1ರಿಂದ 2147483646ರವರೆಗಿನ ಪ್ರತಿಯೊಂದು ಸಂಖ್ಯೆಯನ್ನೂ ಒಂದೊಂದೇ ಸಲ ಮುಟ್ಟಿ, ಆಮೇಲೆ ಮಾತ್ರ 1ಕ್ಕೆ ವಾಪಸ್ ಬರುತ್ತದೆ. 2ರ ಆಟ 31 ಹೆಜ್ಜೆಗೆ ಮುಗಿಯುವ ಜಾಗದಲ್ಲೇ 7ರ ಆಟ 214 ಕೋಟಿ ಹೆಜ್ಜೆ ನಡೆಯುತ್ತದೆ. 16807 ಅಂದರೆ 7ನ್ನು ಐದು ಸಲ ಬರೆದು ಗುಣಿಸಿದ್ದು. ಐದು ಯಾಕೆ ಸರಿಹೋಗುತ್ತದೆ ಅಂತ ನೋಡೋಕೆ ನಮ್ಮ ಸಂಖ್ಯೆಯ ಪಕ್ಕದವನನ್ನು ಬಿಡಿಸಬೇಕು: 2147483646 = 2 × 3 × 3 × 7 × 11 × 31 × 151 × 331. ಇದರಲ್ಲಿ 5 ಇಲ್ಲ. ಆದ್ದರಿಂದ ಐದೈದು ಹೆಜ್ಜೆ ಹಾರಿದರೂ ಯಾವ ಸಂಖ್ಯೆಯೂ ತಪ್ಪಿಹೋಗಲ್ಲ. ಈ ಕಡೆ ಪಕ್ಕದವನು ಇಷ್ಟು ಚಿಕ್ಕ ಚಿಕ್ಕ ತುಂಡುಗಳಿಂದ ಆದವನು, ಆ ಕಡೆಯವನು 2147483648, ಬರೀ ಎರಡುಗಳಿಂದ ಆದವನು. ನಡುವೆ ಒಡೆಯದೆ ನಿಂತಿದೆ ನಮ್ಮ ಸಂಖ್ಯೆ.

ಹುಡುಗಿಯ ಮುಂದಿನ ಪ್ರಶ್ನೆ ಸಹಜವಾಗಿ ಬಂತು. 31 ಅನ್ನೋದೇ 2⁵ − 1. ಅದನ್ನು ಘಾತ ಮಾಡಿದಾಗ ಮತ್ತೊಂದು ಅವಿಭಾಜ್ಯ ಸಿಕ್ಕಿತು. ಈಗ 2147483647ನ್ನೇ ಘಾತ ಮಾಡಿ ಒಂದು ಕಳೆದರೆ? ಆ ಸಂಖ್ಯೆ ಬರೆಯೋಕೆ 64 ಕೋಟಿ 64 ಲಕ್ಷಕ್ಕೂ ಜಾಸ್ತಿ ಅಂಕೆಗಳು ಬೇಕು. ಅದು ಅವಿಭಾಜ್ಯ ಅಲ್ಲ. ಅದಕ್ಕೆ 295257526626031 ಅನ್ನೋ 15 ಅಂಕೆಯ ಅಪವರ್ತನ ಇದೆ. ಇಷ್ಟು ಹೇಳಿ, ಎರಡೂ ಗುಣ ಇವೆಯಾ ನೋಡು ಅಂದೆ. ಒಂದು ಕಳೆದು 2147483647ರಿಂದ ಭಾಗಿಸಿದಳು. ಭಾಗಲಬ್ಧ 137490, ಸಮಸಂಖ್ಯೆ, ಶೇಷ ಸೊನ್ನೆ. ಕೊನೆಯ ಮೂರು ಅಂಕೆ 031ನ್ನು 8ರಿಂದ ಭಾಗಿಸಿದಳು. ಶೇಷ 7. "ಅತ್ತೀ, ಇದೂ ಅದೇ ಸಾಲಿನ್ಯಾಗ ಐತಿ," ಅಂದಳು.